ಶೇರು ಪೇಟೆಯ ಏರಿಳಿತವೂ ಮನೆಯಲ್ಲಿ ಕುಳಿತ ದುಡಿಮೆಯೂ

ವಿದ್ಯಾರ್ಥಿಗಳೇ, ಶೇರು ಎಂದರೆ ಕಂಪನಿಯ ಒಡೆತನದಲ್ಲಿ ಒಂದು ಸಣ್ಣ ಪಾಲು. ಮುಂದೆ ಲಾಭವಾದೀತೆಂದು ಜನ ನಂಬಿದರೆ ಅದರ ಬೆಲೆ ಏರುತ್ತದೆ, ಅಂಜಿದರೆ ಇಳಿಯುತ್ತದೆ. ಮುಂಬಯಿ ಪೇಟೆಯ 30 ದೊಡ್ಡ ಕಂಪನಿಗಳ ಶೇರು ಬೆಲೆಯನ್ನು ಒಟ್ಟಾಗಿ ತೋರಿಸುವ ಅಂಕಿಯೇ ಸೆನ್ಸೆಕ್ಸ್. 1978-79ರ ಬೆಲೆಯನ್ನು 100 ಎಂದು ಹಿಡಿದು ಇದನ್ನು ಎಣಿಸುತ್ತಾರೆ.

ಕೊರೋನಾದ ಭಯದಿಂದ 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಕುಸಿದು 25,981ಕ್ಕೆ ಬಂದಿತು. 25ರಿಂದ ದೇಶವೆಲ್ಲ ಲಾಕ್‌ಡೌನ್. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ತಗ್ಗಿತು. ಆದರೂ 2021ರ ಜನವರಿ 21ರಂದು ಸೆನ್ಸೆಕ್ಸ್ ಮೊದಲ ಸಲ 50,000 ದಾಟಿತು!

ಇದು ಹೇಗೆ? ಪೇಟೆ ಅಳೆಯುವುದು ನಾಳಿನ ಲಾಭವನ್ನು, ಇಂದಿನ ಹಸಿವನ್ನಲ್ಲ. ರಿಸರ್ವ್ ಬ್ಯಾಂಕು 2020ರ ಮೇ ತಿಂಗಳಲ್ಲಿ ರೆಪೋ ದರವನ್ನು ಶೇಕಡಾ 4ಕ್ಕೆ ಇಳಿಸಿತು. ಠೇವಣಿಯ ಬಡ್ಡಿ ತಗ್ಗಿದಾಗ ಹಣ ಶೇರಿನತ್ತ ಹರಿಯಿತು. ಕಂಪ್ಯೂಟರಿನ ಕೆಲಸವೂ ಮನೆಯಿಂದಲೇ ಸಾಗಿತು.

ಮನೆಯಿಂದ ದುಡಿಯುವುದು ನಮ್ಮ ಸೋಲಾಪುರಕ್ಕೆ ಹೊಸದೇ? ಇಲ್ಲಿನ ಎಷ್ಟೋ ತಾಯಂದಿರು ಕಾರಖಾನೆಯಿಂದ ಎಲೆ, ತಂಬಾಕು ತಂದು ಮನೆಯಲ್ಲೇ ಬೀಡಿ ಕಟ್ಟುತ್ತ ಬಂದವರು. ಕಟ್ಟಿದ ಸಾವಿರಕ್ಕೆ ಇಷ್ಟೆಂದು ಅವರಿಗೆ ಕೂಲಿ. ಕಾರಖಾನೆ ಮುಚ್ಚಿತು, ಎಲೆ ನಿಂತಿತು, ಕೂಲಿಯೂ ನಿಂತಿತು. ಪುಣೆಯಿಂದ ಮರಳಿ ಪಕ್ಕದ ಮನೆಯಲ್ಲಿ ಕುಳಿತ ತರುಣನಿಗೆ ಮಾತ್ರ ತಿಂಗಳ ಸಂಬಳ ಬಂದಿತು. ಇಬ್ಬರೂ ಮನೆಯಲ್ಲೇ ದುಡಿಯುವವರು. ಭೇದವಿದ್ದುದು ಕೂಲಿಗೂ ಸಂಬಳಕ್ಕೂ.

ಆದುದರಿಂದ ಒಂದೇ ಅಂಕಿಯಿಂದ ನಾಡಿನ ಸುಖದುಃಖ ಅಳೆಯದಿರೋಣ. ಪಾಲಕರೇ, ನಾಳೆಯ ಖರ್ಚಿನ ಹಣವನ್ನು ಶೇರಿಗೆ ಹಾಕದಿರೋಣ; ಕಷ್ಟಕಾಲಕ್ಕೆ ಕೈಗೆಟುಕುವಂತೆ ಇಟ್ಟುಕೊಳ್ಳೋಣ.