ಮನೆಯೊಳಗೆ ಕ್ರಿಸ್ ಗಿಡ: ಬೆಳೆಸುವ ಕ್ರಮ ಮತ್ತು ಎಚ್ಚರಿಕೆಗಳು

ಅಲಂಕಾರಿಕ ಎಲೆ ಗಿಡಗಳನ್ನು ಕುಂಡದಲ್ಲಿಟ್ಟು ಬೆಳೆಸುವ ಹವ್ಯಾಸ ಈಗ ಪಟ್ಟಣಗಳಿಗಷ್ಟೇ ಸೀಮಿತವಾಗಿಲ್ಲ. ಹಳ್ಳಿಯ ಮನೆಗಳ ಜಗುಲಿ, ಪಡಸಾಲೆಗಳಲ್ಲಿಯೂ ಬಗೆಬಗೆಯ ಎಲೆ ಗಿಡಗಳು ಕಾಣಸಿಗುತ್ತವೆ. ಕೆಲವು ರೈತ ಮಹಿಳೆಯರು ಇವುಗಳ ಮರಿಗಳನ್ನು ಬೆಳೆಸಿ ಮಾರಿ ನಾಲ್ಕು ಕಾಸು ಸಂಪಾದಿಸುವುದೂ ಉಂಟು. ಇಂತಹ ಗಿಡಗಳಲ್ಲಿ ಅಪರೂಪದ್ದೂ ನೋಡಲು ಬಲು ಚೆಂದದ್ದೂ ಆದ ಒಂದು ಗಿಡವೆಂದರೆ ಅಲೊಕೇಶಿಯಾ ಸ್ಯಾಂಡೆರಿಯಾನಾ. ಇದನ್ನು ಕ್ರಿಸ್ ಗಿಡವೆಂದೂ ಕರೆಯುತ್ತಾರೆ. ಇದನ್ನು ಬೆಳೆಸುವುದು ಕಷ್ಟವೇನಲ್ಲ. ಆದರೆ ಗಿಡವೂ ಉಳಿಯಬೇಕು, ಮನೆಯವರೂ ಕ್ಷೇಮವಾಗಿರಬೇಕು ಎಂದರೆ ಕೆಲವು ವಿಷಯಗಳನ್ನು ತಿಳಿದಿರುವುದು ಅವಶ್ಯ.

ಮೂಲ ಮತ್ತು ಲಕ್ಷಣ

ಈ ಗಿಡದ ತವರು ಫಿಲಿಪ್ಪೀನ್ಸ್ ದೇಶದ ಮಿಂಡನಾವೊ ದ್ವೀಪದ ಉತ್ತರ ಭಾಗದ ಮಳೆಕಾಡುಗಳು. ದೊಡ್ಡ ಮರಗಳ ನೆರಳಿನಲ್ಲಿ, ಎಲೆಗೊಬ್ಬರದಿಂದ ಹಗುರಾದ ನೆಲದಲ್ಲಿ ಇದು ಬೆಳೆಯುತ್ತದೆ. 1884ರಲ್ಲಿ ಸಸ್ಯಶಾಸ್ತ್ರದ ದಾಖಲೆಗೆ ಸೇರಿದ ಇದಕ್ಕೆ ಇಂಗ್ಲೆಂಡಿನ ಪ್ರಸಿದ್ಧ ಆರ್ಕಿಡ್ ವ್ಯಾಪಾರಿ ಫ್ರೆಡೆರಿಕ್ ಸ್ಯಾಂಡರ್ ಅವರ ಹೆಸರನ್ನಿಡಲಾಯಿತು. ಎಲೆಯ ಅಂಚು ಆ ಭಾಗದ ಜನರ ‘ಕ್ರಿಸ್’ ಎಂಬ ಅಂಕುಡೊಂಕಾದ ಕಠಾರಿಯಂತೆ ಬಾಗಿರುವುದರಿಂದ ಕ್ರಿಸ್ ಗಿಡವೆಂಬ ಹೆಸರು ಬಂದಿದೆ. ಕಡು ಹಸಿರು ಬಣ್ಣದ ಹೊಳೆಯುವ ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆದಂತೆ ನರಗಳು ಎದ್ದು ಕಾಣುತ್ತವೆ.

ಕಾಡಿನಲ್ಲಿ ಈ ಗಿಡ ಅಳಿವಿನಂಚಿಗೆ ಬಂದಿದೆ. ಕಾಡು ಕಡಿದದ್ದು ಒಂದು ಕಾರಣವಾದರೆ, ಮಾರಾಟಕ್ಕಾಗಿ ಗಿಡಗಳನ್ನು ಕಿತ್ತದ್ದು ಇನ್ನೊಂದು ಕಾರಣ. ಆದ್ದರಿಂದ ನರ್ಸರಿಯಲ್ಲಿ ಬೆಳೆಸಿದ, ಅದರಲ್ಲೂ ಅಂಗಾಂಶ ಕೃಷಿಯಿಂದ ಪಡೆದ ಸಸಿಯನ್ನೇ ಕೊಳ್ಳಬೇಕು. ಅಂಗಾಂಶ ಕೃಷಿ ಬಾಳೆ ಸಸಿಯನ್ನು ಕಂಡ ರೈತರಿಗೆ ಇದು ಹೊಸ ವಿಷಯವೇನಲ್ಲ. ಹೊರದೇಶದಿಂದ ಅಂಚೆಯ ಮೂಲಕ ಗಿಡ ಅಥವಾ ಗೆಡ್ಡೆ ತರಿಸುವುದು ತರವಲ್ಲ. 2003ರ ಸಸ್ಯ ಸಂಗರೋಧ ಆದೇಶದಂತೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇರಬೇಕು. ಗೆಡ್ಡೆಯ ಜೊತೆ ಬರುವ ಜಂತುಹುಳು, ಕೊಳೆರೋಗಗಳು ನಮ್ಮ ಕೆಸು, ಸುವರ್ಣಗೆಡ್ಡೆ ತಾಕುಗಳಿಗೂ ಹರಡಬಹುದು.

ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಪೇಟೆಯಲ್ಲಿ ಈ ಹೆಸರಿನಲ್ಲಿ ಸಿಗುವ ಬಹುಪಾಲು ಗಿಡಗಳು ‘ಅಮೆಜಾನಿಕಾ’ ಎಂಬ ಮಿಶ್ರತಳಿಗಳು. 1950ರ ದಶಕದಲ್ಲಿ ಅಮೆರಿಕದ ಮಯಾಮಿ ನಗರದ ನರ್ಸರಿಯೊಂದರಲ್ಲಿ ಸ್ಯಾಂಡೆರಿಯಾನಾವನ್ನು ಇನ್ನೊಂದು ಅಲೊಕೇಶಿಯಾದೊಡನೆ ಸಂಕರಿಸಿ ಇದನ್ನು ಪಡೆಯಲಾಯಿತು. ಆ ನರ್ಸರಿಯ ಹೆಸರಿನಿಂದ ಅಮೆಜಾನಿಕಾ ಎಂದಾಯಿತೇ ಹೊರತು ಅಮೆಜಾನ್ ಕಾಡಿಗೂ ಇದಕ್ಕೂ ಸಂಬಂಧವಿಲ್ಲ. ಮಿಶ್ರತಳಿಯ ಎಲೆ ಅಗಲವಾಗಿದ್ದು ಅಂಚಿನ ಸೀಳು ಕಡಿಮೆ. ಮೂಲ ಜಾತಿಯ ಎಲೆ ಕಿರಿದಾಗಿದ್ದು ಸೀಳು ಆಳವಾಗಿರುತ್ತದೆ. ಮಿಶ್ರತಳಿ ತುಸು ಗಟ್ಟಿಮುಟ್ಟು. ಹೊಸದಾಗಿ ಬೆಳೆಸುವವರು ಮೊದಲು ಅದನ್ನೇ ಬೆಳೆಸಿ ಕೈಪಳಗಿಸಿಕೊಳ್ಳುವುದು ಲೇಸು. ಎರಡಕ್ಕೂ ಬೇಸಾಯ ಕ್ರಮ ಒಂದೇ, ಎಚ್ಚರಿಕೆಗಳೂ ಒಂದೇ.

ಇದು ಕೆಸುವಿನ ಬಳಗ. ಆದರೆ ಅಡಿಗೆಯ ಕೆಸುವಲ್ಲ

ಕೆಸು, ಮರಕೆಸು, ಸುವರ್ಣಗೆಡ್ಡೆ, ಆಂಥೂರಿಯಂ, ಮನಿಪ್ಲಾಂಟ್, ಡೀಫೆನ್‌ಬೇಕಿಯಾ ಇವೆಲ್ಲ ಒಂದೇ ಕುಟುಂಬದವು. ಅಲೊಕೇಶಿಯಾ ಕೂಡ ಈ ಬಳಗಕ್ಕೆ ಸೇರಿದೆ. ಕೆಸುವಿನ ದಂಟು ಹೆಚ್ಚುವಾಗ ಕೈ ತುರಿಸುವುದು, ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಇದಕ್ಕೆ ಕಾರಣ ಗಿಡದ ಜೀವಕೋಶಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಇವು ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಎರಡೂ ತುದಿ ಚೂಪಾದ ಸೂಜಿಗಳಂತಿದ್ದು ಕಟ್ಟುಕಟ್ಟಾಗಿ ಕೋಶದೊಳಗೆ ಅಡಗಿರುತ್ತವೆ. ಎಲೆಯನ್ನು ಕಚ್ಚಿದಾಗ ಅಥವಾ ಮುರಿದಾಗ ಕೋಶ ಒಡೆದು ಸೂಜಿಗಳು ಹೊರಚಿಮ್ಮಿ ತುಟಿ, ನಾಲಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಇವುಗಳ ಜೊತೆಗಿರುವ ಪ್ರೋಟೀನ್ ಅಂಶ ಉರಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಮಲೆನಾಡಿನ ಒಂದು ಹಳ್ಳಿಯಲ್ಲಿ ತರಬೇತಿ ಮುಗಿಸಿ ಬರುವಾಗ ನಾನು ತೋರಿಸಲೆಂದು ಒಯ್ದಿದ್ದ ಗಿಡವನ್ನು ನೋಡಿದ ವಯಸ್ಸಾದ ತಾಯಿಯೊಬ್ಬರು, “ಸಾರ್, ಇದು ಯಾವ ಕೆಸು? ಒಂದು ಮರಿ ಕೊಡಿ, ಪತ್ರೊಡೆಗೆ ಆಗುತ್ತದೆ” ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದುದೇ. ಆದರೆ ಅಡಿಗೆಗೆ ಬಳಸುವ ಕೆಸು ತಲೆಮಾರುಗಳಿಂದ ತಿಂದು ನೋಡಿ ಆರಿಸಿಕೊಂಡು ಬಂದದ್ದು. ಅದನ್ನು ಕೂಡ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿಯೇ ತಿನ್ನುತ್ತೇವೆ. ಕುದಿಸಿದ ಮಾತ್ರಕ್ಕೆ ಈ ಹರಳುಗಳು ಕರಗಿಹೋಗುವುದಿಲ್ಲ. ಕ್ರಿಸ್ ಗಿಡದ ಎಲೆ, ದಂಟು, ಗೆಡ್ಡೆ ಯಾವುದನ್ನೂ ಯಾವ ರೀತಿಯಲ್ಲಿಯೂ ಅಡಿಗೆಗೆ ಬಳಸಬಾರದು. ಕೆಸು ಬೆಳೆದಿರುವ ಹಿತ್ತಲಿನಲ್ಲಿ ಇದನ್ನು ನೆಡಲೂಬಾರದು.

ಎಲ್ಲಿ ಇಡಬೇಕು

ಕಾಡಿನ ನೆರಳಿನ ಗಿಡವಾದ್ದರಿಂದ ಇದಕ್ಕೆ ಚೆನ್ನಾದ ಬೆಳಕು ಬೇಕು, ನೇರ ಬಿಸಿಲು ಬೇಡ. ಪೂರ್ವ ದಿಕ್ಕಿನ ಕಿಟಕಿಯಿಂದ ಸುಮಾರು ಒಂದು ಮೀಟರ್ ಒಳಗೆ ಇಡುವುದು ಸೂಕ್ತ. ಪಶ್ಚಿಮದ ಕಿಟಕಿಯಾದರೆ ತೆಳುವಾದ ಬಿಳಿ ಪರದೆ ಕಟ್ಟಬೇಕು. ಮಧ್ಯಾಹ್ನದ ಬಿಸಿಲು ತಗುಲಿದರೆ ಎಲೆ ಸುಟ್ಟು ಕಂದು ಮಚ್ಚೆ ಬೀಳುತ್ತದೆ. ಬೆಳಕು ಸಾಲದಿದ್ದರೆ ತೊಟ್ಟು ಉದ್ದವಾಗಿ ಬಾಗಿ, ಎಲೆ ಸಣ್ಣದಾಗುತ್ತದೆ.

ಉಷ್ಣತೆ 18ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಬೆಳವಣಿಗೆ ಚೆನ್ನ. 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 60ಕ್ಕೆ ಕಡಿಮೆಯಿಲ್ಲದಷ್ಟು ತೇವಾಂಶವಿರಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ತಾನಾಗಿಯೇ ದೊರೆಯುತ್ತದೆ. ಬಯಲುಸೀಮೆಯಲ್ಲಿ ಫೆಬ್ರವರಿಯಿಂದ ಮೇವರೆಗೆ ಗಾಳಿ ಒಣಗಿರುವುದರಿಂದ ನಾಲ್ಕಾರು ಗಿಡಗಳನ್ನು ಒಟ್ಟಿಗೆ ಇಡುವುದು, ಕುಂಡದ ಕೆಳಗೆ ಬೆಣಚುಕಲ್ಲು ತುಂಬಿದ ತಟ್ಟೆಯಲ್ಲಿ ನೀರಿಡುವುದು ಪ್ರಯೋಜನಕಾರಿ. ಕುಂಡದ ತಳ ನೀರಿಗೆ ತಾಗಬಾರದು.

ಸುರಕ್ಷತೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಎತ್ತರ. ಈ ಮಾತನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಒಂದು ದಸರಾ ರಜೆಯಲ್ಲಿ ತಂಗಿಯ ಎರಡು ವರ್ಷದ ಮಗಳು ನಮ್ಮ ಮನೆಗೆ ಬಂದಿದ್ದಳು. ಪಡಸಾಲೆಯ ನೆಲದ ಮೇಲೆ ಇಟ್ಟಿದ್ದ ಕುಂಡದಿಂದ ಒಂದು ಎಲೆಯನ್ನು ಹಿಡಿದೆಳೆದು ಕಚ್ಚಿಬಿಟ್ಟಳು. ಕ್ಷಣದಲ್ಲಿ ಚೀರಾಟ, ಬಾಯಿತುಂಬ ಜೊಲ್ಲು, ತುಟಿ ಊದಿಕೊಂಡಿತು. ಮನೆಯ ಹಿರಿಯರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟರು. ಅದನ್ನು ತಡೆದು, ಬಾಯಿ ಒರೆಸಿ, ತಣ್ಣಗಿನ ಮೊಸರು ತಿನ್ನಿಸಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕೆಲವು ಗಂಟೆ ಕೂರಿಸಿ ನೋಡಿ, ಉಸಿರಾಟಕ್ಕೆ ತೊಂದರೆಯಿಲ್ಲವೆಂದು ಖಚಿತಪಡಿಸಿ ಕಳುಹಿಸಿದರು. ಮರುದಿನ ಮಗು ಎಂದಿನಂತೆ ಆಡತೊಡಗಿತು. ಈ ಕುಟುಂಬದ ಗಿಡಗಳ ಬಗ್ಗೆ ತರಗತಿಯಲ್ಲಿ ಪಾಠ ಹೇಳುವ ನಾನೇ ಕುಂಡವನ್ನು ನೆಲದ ಮೇಲೆ ಇಟ್ಟಿದ್ದೆ. ತಪ್ಪು ನನ್ನದೇ. ಅಂದಿನಿಂದ ಆ ಕುಂಡ ಎದೆಯೆತ್ತರದ ಗಟ್ಟಿ ಕಟ್ಟೆಯ ಮೇಲಿದೆ.

ಆದ್ದರಿಂದ ಅಂಬೆಗಾಲಿಡುವ, ಈಗಷ್ಟೇ ನಡೆಯಲು ಕಲಿತ ಮಕ್ಕಳಿರುವ ಮನೆಯಲ್ಲಿ ಕುಂಡವನ್ನು ಕೈಗೆಟುಕದ ಎತ್ತರದಲ್ಲಿ, ಎಳೆದರೂ ಬೀಳದಂತೆ ಭದ್ರವಾಗಿ ಇಡಬೇಕು. ಅಂತಹ ಜಾಗವಿಲ್ಲದಿದ್ದರೆ ಮಗು ದೊಡ್ಡದಾಗುವವರೆಗೆ ಈ ಗಿಡವನ್ನು ತಾರದಿರುವುದೇ ಒಳಿತು. ನಾಯಿ, ಬೆಕ್ಕುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕುಂಡ ಮತ್ತು ಮಿಶ್ರಣ

ಮೊದಲಿಗೆ 15 ಸೆಂ.ಮೀ. ಅಗಲದ, ತಳದಲ್ಲಿ ರಂಧ್ರವಿರುವ ಮಣ್ಣಿನ ಕುಂಡ ಸಾಕು. ದೊಡ್ಡ ಕುಂಡದಲ್ಲಿ ನೀರು ಬಹಳ ಕಾಲ ನಿಂತು ಬೇರು ಕೊಳೆಯುತ್ತದೆ. ಬರೀ ತೋಟದ ಮಣ್ಣು ಬೇಡ, ಜೇಡಿಮಣ್ಣಂತೂ ಕೂಡದು. ಮಿಶ್ರಣವನ್ನು ಹೀಗೆ ಸಿದ್ಧಪಡಿಸಬಹುದು:

ತೆಂಗಿನ ನಾರಿನ ಪುಡಿ – 2 ಪಾಲು
ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ – 1 ಪಾಲು
ಇದ್ದಿಲಿನ ಚೂರು – 1 ಪಾಲು
ದಪ್ಪ ಮರಳು ಅಥವಾ ಇಟ್ಟಿಗೆ ಚೂರು – 1 ಪಾಲು

ನಾರಿನ ಪುಡಿಯಲ್ಲಿ ಲವಣಾಂಶವಿರುವುದರಿಂದ ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ, ಬಸಿದು ಬಳಸಬೇಕು. ಹಸಿ ಸಗಣಿ ಗೊಬ್ಬರವನ್ನು ಮನೆಯೊಳಗಿನ ಕುಂಡಕ್ಕೆ ಹಾಕಬಾರದು. ಒಂದು ಅಥವಾ ಎರಡು ವರ್ಷಕ್ಕೊಮ್ಮೆ, ಮುಂಗಾರಿನ ಆರಂಭದಲ್ಲಿ ಕುಂಡ ಬದಲಿಸಬೇಕು. ಈ ಕೆಲಸ ಮಾಡುವಾಗ ಕೈಗವಸು ಹಾಕಿಕೊಳ್ಳುವುದು ಕಡ್ಡಾಯ. ರಸ ತಾಗಿದ ಕೈಯಿಂದ ಕಣ್ಣು, ಬಾಯಿ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಕೈ ಮತ್ತು ಚಾಕುವನ್ನು ಸಾಬೂನಿನಿಂದ ತೊಳೆಯಬೇಕು. ಅಡಿಗೆ ಮನೆಯ ಚಾಕುವನ್ನು ಇದಕ್ಕೆ ಬಳಸಬಾರದು.

ನೀರು ಮತ್ತು ಗೊಬ್ಬರ

ಕುಂಡದಲ್ಲಿ ಬೆರಳಿಟ್ಟು ನೋಡಿ, ಮೇಲಿನ 2–3 ಸೆಂ.ಮೀ. ಪದರ ಒಣಗಿದ್ದರೆ ಮಾತ್ರ ನೀರು ಕೊಡಬೇಕು. ಕೊಟ್ಟ ನೀರು ತಳದ ರಂಧ್ರದಿಂದ ಹರಿದು ಹೋಗಬೇಕು. ದಿನಕ್ಕೊಮ್ಮೆ ಎಂಬ ಲೆಕ್ಕ ಸಲ್ಲದು. ಈ ಗಿಡ ಸಾಯುವುದು ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಭತ್ತದ ಸಸಿಯ ತುದಿಯಲ್ಲಿ ಮುಂಜಾನೆ ಕಾಣುವಂತೆ ಇದರ ಎಲೆಯ ತುದಿಯಲ್ಲಿಯೂ ನೀರಿನ ಹನಿ ಮೂಡುತ್ತದೆ. ಇದು ರೋಗವಲ್ಲ. ಆದರೆ ಹನಿ ನೆಲಕ್ಕೆ ಬಿದ್ದಿದ್ದರೆ ಒರೆಸಿಬಿಡಬೇಕು.

ತಟ್ಟೆಯಲ್ಲಿ ನಿಂತ ನೀರಿನ ಬಗ್ಗೆ ವಿಶೇಷ ಗಮನ ಬೇಕು. ಡೆಂಗ್ಯೂ ಜ್ವರ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಸುತ್ತಮುತ್ತಲಿನ ಇಂತಹ ನಿಂತ ನೀರಿನ ಆಸರೆಗಳಲ್ಲಿಯೇ. ವಾರಕ್ಕೆ ಎರಡು ಬಾರಿ ತಟ್ಟೆಯ ನೀರನ್ನು ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆದು ಒಣಗಿಸಬೇಕು.

ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂ ಪ್ರಮಾಣದಲ್ಲಿ ಕರಗಿಸಿ ಮೂರು ವಾರಕ್ಕೊಮ್ಮೆ ಕೊಡಬಹುದು. ಚಳಿಗಾಲದಲ್ಲಿ ಗೊಬ್ಬರ ಬೇಡ. ನೀರೂ ಕಡಿಮೆ ಸಾಕು. ಆಗ ಕೆಲವೊಮ್ಮೆ ಎಲೆಗಳೆಲ್ಲ ಉದುರಿ ಗಿಡ ಸತ್ತಂತೆ ಕಾಣುತ್ತದೆ. ಕಿತ್ತೆಸೆಯುವ ಮೊದಲು ಗೆಡ್ಡೆಯನ್ನು ಮುಟ್ಟಿ ನೋಡಬೇಕು. ಗಟ್ಟಿಯಾಗಿದ್ದರೆ ಜೀವವಿದೆ ಎಂದರ್ಥ, ಬೆಚ್ಚಗಾದೊಡನೆ ಚಿಗುರುತ್ತದೆ. ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಕೊಳೆತಿದೆಯೆಂದು ತಿಳಿಯಬೇಕು.

ಕೀಟ ಮತ್ತು ರೋಗ

ಒಣಹವೆಯಲ್ಲಿ ಜೇಡನುಸಿ ಮುಖ್ಯ ಶತ್ರು. ಎಲೆಯ ಕೆಳಭಾಗದಲ್ಲಿ ನವಿರಾದ ಬಲೆ, ಮೇಲ್ಭಾಗದಲ್ಲಿ ಸಣ್ಣ ಹಳದಿ ಚುಕ್ಕೆ ಕಂಡರೆ ನುಸಿಯೇ ಕಾರಣ. ಹಿಟ್ಟು ತಿಗಣೆ ಎಲೆತೊಟ್ಟಿನ ಸಂದಿಯಲ್ಲಿ ಸೇರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸುವುದರಿಂದ ಬಹುಪಾಲು ಹತೋಟಿಯಾಗುತ್ತದೆ. ಹೆಚ್ಚಾದರೆ ಕುಂಡವನ್ನು ಹೊರಗೆ ನೆರಳಿಗೆ ಒಯ್ದು, ಲೀಟರ್ ನೀರಿಗೆ 3 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಮೊದಲು ಒಂದು ಎಲೆಯ ಮೇಲೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಇಲ್ಲಿ ರೈತ ಬಾಂಧವರಲ್ಲಿ ಒಂದು ಮನವಿ. ಹೊಲಕ್ಕೆಂದು ತಂದು ಉಳಿದ ಕೀಟನಾಶಕವನ್ನು ‘ಹೇಗೂ ಇದೆಯಲ್ಲ’ ಎಂದು ಮನೆಯೊಳಗಿನ ಗಿಡಕ್ಕೆ ಎಂದಿಗೂ ಸಿಂಪಡಿಸಬಾರದು. ಬಯಲಿನಲ್ಲಿ ಗಾಳಿಗೆ ಹಾರಿಹೋಗುವ ವಿಷ ಮುಚ್ಚಿದ ಕೋಣೆಯಲ್ಲಿ ಉಳಿಯುತ್ತದೆ. ಮಲಗುವ ಮಗುವೂ ಅದೇ ಗಾಳಿಯನ್ನು ಉಸಿರಾಡುತ್ತದೆ.

ಬೇರು ಕೊಳೆಯಲು ನೀರು ನಿಲ್ಲುವುದೇ ಕಾರಣ. ಗಿಡ ಕಿತ್ತು ಕೊಳೆತ ಬೇರುಗಳನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಬೇಕು. ಕತ್ತರಿಸಿದ ಎಲೆ, ಗೆಡ್ಡೆಗಳನ್ನು ಕೊಟ್ಟಿಗೆಯ ಬಳಿ ಎಸೆಯದೆ, ದನಕರುಗಳಿಗೆ ಸಿಗದಂತೆ ಗುಂಡಿಯಲ್ಲಿ ಮುಚ್ಚಬೇಕು.

ಸಸ್ಯಾಭಿವೃದ್ಧಿ

ಕುಂಡ ಬದಲಿಸುವಾಗ ತಾಯಿಗೆಡ್ಡೆಯ ಸುತ್ತ ಕಡಲೆಕಾಳಿನ ಗಾತ್ರದ ಮರಿಗೆಡ್ಡೆಗಳು ಸಿಗುತ್ತವೆ. ಇವುಗಳನ್ನು ಬಿಡಿಸಿ, ತೇವವಾದ ನಾರಿನ ಪುಡಿಯಲ್ಲಿ ಅರ್ಧ ಹೂತು, ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಬೆಚ್ಚಗಿನ ಜಾಗದಲ್ಲಿಡಬೇಕು. ಮೊಳಕೆಗೆ ಹಲವು ವಾರ ಬೇಕಾಗುವುದರಿಂದ ತಾಳ್ಮೆ ಅಗತ್ಯ. ಎರಡು ಎಲೆ ಬಂದ ಮೇಲೆ ಸಣ್ಣ ಕುಂಡಕ್ಕೆ ವರ್ಗಾಯಿಸಬಹುದು. ಮರಿಗೆಡ್ಡೆಗಳನ್ನು ಕಾಳುಗಳ ಡಬ್ಬಿಗಳೊಡನೆ ಇಡಬಾರದು. ಮಾರುವವರು ಪ್ರತಿ ಕುಂಡಕ್ಕೂ “ತಿನ್ನಲು ಯೋಗ್ಯವಲ್ಲ, ಮಕ್ಕಳಿಂದ ದೂರವಿಡಿ” ಎಂಬ ಚೀಟಿ ಕಟ್ಟಿ ಕೊಡಬೇಕು. ಗಿರಾಕಿಗೆ ನಿಜ ಹೇಳಿದ ನರ್ಸರಿಯ ಮೇಲೆ ಜನರ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಅಕಸ್ಮಾತ್ ಕಚ್ಚಿದರೆ, ರಸ ತಾಗಿದರೆ

1. ಬಾಯಲ್ಲಿರುವ ಚೂರನ್ನು ತೆಗೆದು, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ. ದೊಡ್ಡವರಾದರೆ ಬಾಯಿ ಮುಕ್ಕಳಿಸಲಿ.
2. ನುಂಗಲು ತೊಂದರೆಯಿಲ್ಲದಿದ್ದರೆ ತಣ್ಣಗಿನ ಹಾಲು ಅಥವಾ ಮೊಸರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ.
3. ವಾಂತಿ ಮಾಡಿಸಬೇಡಿ. ಹರಳುಗಳು ಗಂಟಲಿಗೆ ಮತ್ತೊಮ್ಮೆ ಚುಚ್ಚುತ್ತವೆ. ಉಪ್ಪುನೀರು ಮಕ್ಕಳಿಗೆ ಅಪಾಯಕಾರಿ.
4. ಕಣ್ಣಿಗೆ ರಸ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ 15 ನಿಮಿಷ ಸತತವಾಗಿ ತೊಳೆದು ವೈದ್ಯರಿಗೆ ತೋರಿಸಿ.
5. ನಾಲಿಗೆ, ಗಂಟಲು ಊದಿಕೊಂಡರೆ, ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಗಿಡದ ಒಂದು ಎಲೆಯನ್ನು ಚೀಲದಲ್ಲಿ ಹಾಕಿ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲ.

ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಂಘಗಳಲ್ಲಿ ಅಲಂಕಾರಿಕ ಗಿಡಗಳ ಬಗ್ಗೆ ತರಬೇತಿ ಕೊಡುವಾಗ ಈ ಐದು ಅಂಶಗಳನ್ನು ಮೊದಲು ಹೇಳಿ, ಬೇಸಾಯ ಕ್ರಮವನ್ನು ಆಮೇಲೆ ಹೇಳುವುದು ಒಳ್ಳೆಯದು. ಡೀಫೆನ್‌ಬೇಕಿಯಾ, ಮನಿಪ್ಲಾಂಟ್‌ಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಅವು ಈಗಾಗಲೇ ಎಷ್ಟೋ ಮನೆಗಳಲ್ಲಿವೆ. ಹೆದರಿ ಗಿಡವನ್ನು ಹೊರಗೆಸೆಯಬೇಕಾದ ಅಗತ್ಯವಿಲ್ಲ. ಬಾವಿಗೆ ಕಟ್ಟೆ ಕಟ್ಟಿ ನೀರು ಸೇದುವಂತೆ, ಇದಕ್ಕೂ ತಕ್ಕ ಜಾಗ ಮಾಡಿಕೊಟ್ಟು ಬೆಳೆಸಿದರೆ ಮನೆಗೆ ಚೆಲುವು, ಮನಸ್ಸಿಗೆ ನೆಮ್ಮದಿ ಎರಡೂ ದೊರೆಯುತ್ತವೆ.