ಏಳು ಕೋಟಿಯಿಂದ 246ಕ್ಕೆ

ಬೇರೆ ಬೇರೆ ದೇಶಗಳ ಸಂಶೋಧಕರು ಸೇರಿ ಕೆಲಸ ಮಾಡುವುದೆಂದರೆ ವಾರಕ್ಕೊಂದು ವಿಡಿಯೊ ಮೀಟಿಂಗ್ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಮೀಟಿಂಗ್ ಬೇಕು, ನಿಜ. ಆದರೆ ಬೆಂಗಳೂರಿನಲ್ಲಿ ಸಂಜೆಯಾದಾಗ ಲಾಸ್ ಏಂಜಲೀಸ್‌ನಲ್ಲಿ ಇನ್ನೂ ಬೆಳಗಿನ ಜಾವ. ಹಾಗಾಗಿ ನಿಜವಾದ ಕೆಲಸ ಸಾಗುವುದು ಬರವಣಿಗೆಯಲ್ಲೇ. ಗಣಿತದ ಒಂದು ಉದಾಹರಣೆ ನೋಡೋಣ.

3 ಮತ್ತು 5, 11 ಮತ್ತು 13: ಹೀಗೆ ಎರಡೇ ಅಂತರವಿರುವ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು ಕೊನೆಯಿಲ್ಲದೆ ಸಿಗುತ್ತಲೇ ಇರುತ್ತವೆಯೇ? ಇದಿನ್ನೂ ಬಗೆಹರಿದಿಲ್ಲ. 2013ರಲ್ಲಿ ಅಮೆರಿಕದಲ್ಲಿದ್ದ ಯೀಟಾಂಗ್ ಝಾಂಗ್, 7 ಕೋಟಿಗಿಂತ ಕಡಿಮೆ ಅಂತರದ ಜೋಡಿಗಳಂತೂ ಅನಂತವಾಗಿವೆ ಎಂದು ಸಾಧಿಸಿ ತೋರಿಸಿದರು. ಆ 7 ಕೋಟಿಯನ್ನು ಇಳಿಸುವ ಕೆಲಸವನ್ನು ಗಣಿತಜ್ಞ ಟೆರೆನ್ಸ್ ಟಾವೊ ಅವರ ಮುಂದಾಳತ್ವದಲ್ಲಿ ‘ಪಾಲಿಮ್ಯಾತ್’ ಕೈಗೆತ್ತಿಕೊಂಡಿತು. ಕೇಂಬ್ರಿಜ್‌ನ ಟಿಮ್ ಗವರ್ಸ್ 2009ರಲ್ಲಿ ಆರಂಭಿಸಿದ ಈ ಪ್ರಯೋಗದಲ್ಲಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ಸೇರಬಹುದಿತ್ತು. ಹೊಳೆದದ್ದು ಅರ್ಧಂಬರ್ಧವಾಗಿದ್ದರೂ ಚುಟುಕಾಗಿ ಬರೆದುಬಿಡಬೇಕು, ಯಾರೊಡನೆಯೂ ಒರಟಾಗಿ ಮಾತಾಡಬಾರದು ಎಂಬುದು ಅಲ್ಲಿನ ನಿಯಮ. ವಿದ್ಯಾರ್ಥಿಗಳಿಗೆ ಅರ್ಧಂಬರ್ಧ ಬರೆಯುವುದೇ ಕಷ್ಟ. ಪೂರ್ತಿಯಾಗುವವರೆಗೆ ತೋರಿಸಲು ಸಂಕೋಚ.

ಕೆಲಸವನ್ನು ಬಿಡಿಭಾಗಗಳಾಗಿ ಒಡೆದುಕೊಂಡಿದ್ದರು. ಕೆಲವರು ಕಂಪ್ಯೂಟರ್‌ನಲ್ಲಿ ತಕ್ಕ ಸಂಖ್ಯೆಗಳ ಗುಂಪುಗಳನ್ನು ಹುಡುಕಿದರು, ಕೆಲವರು ಝಾಂಗ್ ಅವರ ಅಂದಾಜುಗಳನ್ನು ಬಿಗಿಗೊಳಿಸಿದರು. ಒಂದು ಕಡೆ ಸುಧಾರಣೆಯಾದರೆ ಇನ್ನೊಂದು ಕಡೆಯವರು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಇದೆಲ್ಲದರ ಲೆಕ್ಕಕ್ಕೆ ಎಲ್ಲರೂ ನೋಡಬಹುದಾದ ಒಂದು ಪಟ್ಟಿಯಿತ್ತು: ತಾರೀಖು, ಹೊಸ ಅಂಕಿ, ಅದನ್ನು ಕೊಟ್ಟವರ ಹೆಸರು. ಪರಿಶೀಲನೆಯಾಗದ ಅಂಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ. ತಪ್ಪೆಂದು ಗೊತ್ತಾದದ್ದನ್ನು ಅಳಿಸದೆ, ಅದರ ಮೇಲೆ ಗೆರೆ ಎಳೆದು ಹಾಗೇ ಉಳಿಸುತ್ತಿದ್ದರು. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ನಾವು ಕಲಿಯಬೇಕಾದ್ದು ಈ ಪಟ್ಟಿಯನ್ನೇ. ತಡವಾಗಿ ಬಂದವರೂ ಅದನ್ನು ಓದಿ, ಯಾರನ್ನೂ ಕೇಳದೆ ಕೆಲಸಕ್ಕಿಳಿಯಬಹುದು.

ಕೆಲವೇ ತಿಂಗಳಲ್ಲಿ ಅಂತರ 4,680ಕ್ಕೆ ಇಳಿಯಿತು. ಅದೇ ವರ್ಷ ನವೆಂಬರಿನಲ್ಲಿ ಜೇಮ್ಸ್ ಮೇನಾರ್ಡ್ ಎಂಬ ತರುಣ ಒಬ್ಬರೇ ಬೇರೆ ದಾರಿ ಹಿಡಿದು 600 ಮುಟ್ಟಿದರು. ಒಬ್ಬರೇ ಕೂತು ಯೋಚಿಸುವುದಕ್ಕೆ ಇರುವ ಬೆಲೆ ಕೂಟದಿಂದ ಕಡಿಮೆಯಾಗುವುದಿಲ್ಲ. ಪಾಲಿಮ್ಯಾತ್ ಕೂಟ ಮೇನಾರ್ಡ್ ಅವರ ದಾರಿಯನ್ನು ಸಂತೋಷದಿಂದ ಒಪ್ಪಿಕೊಂಡಿತು, ಅವರೂ ಜೊತೆಗೂಡಿದರು. 2014ರಲ್ಲಿ ಅಂಕಿ 246ಕ್ಕೆ ಬಂತು. ಪ್ರಬಂಧ ಪ್ರಕಟವಾದದ್ದು ‘ಡಿ. ಎಚ್. ಜೆ. ಪಾಲಿಮ್ಯಾತ್’ ಎಂಬ ಸಾಮೂಹಿಕ ಹೆಸರಿನಲ್ಲಿ.

ದೂರದೂರಿನವರೊಡನೆ ಸಂಶೋಧನೆ ಶುರುಮಾಡುವವರು ಮೊದಲ ದಿನವೇ ಇಂಥದೊಂದು ಪಟ್ಟಿ ತೆರೆಯಿರಿ. ಪ್ರಬಂಧದಲ್ಲಿ ಯಾರ ಹೆಸರು ಹೇಗೆ ಬರಬೇಕೆಂಬುದನ್ನೂ ಅಂದೇ ಮಾತಾಡಿ ಬರೆದಿಟ್ಟುಕೊಳ್ಳಿ.