ಮೂರು ಕೋಶಗಳ ಸಮತೋಲ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಕಲ್ಲಿನ ವಿಗ್ರಹಗಳಿಗೆ ಹೆಸರಾದ ಊರು. ಶಿಲ್ಪಿಗೆ ವಿಗ್ರಹದ ಒಟ್ಟು ಎತ್ತರವು ಸರಿಯಾದರೆ ಸಾಲದು. ಮುಖ, ಎದೆ, ಕಾಲು ಒಂದೊಂದೂ ತಾಳಮಾನಕ್ಕೆ ಒಪ್ಪಬೇಕು. ಮಾದರಿ ವಿಮಾನಗಳನ್ನು ಹಾರಿಸುವ ಲಿಥಿಯಂ ಪಾಲಿಮರ್ ಬ್ಯಾಟರಿಗೂ ಇಂತಹುದೇ ನಿಯಮವುಂಟು.

ಇದರ ಕೋಶವು ಸಾಮಾನ್ಯವಾಗಿ 4.2 ವೋಲ್ಟಿಗೆ ಪೂರ್ಣವಾಗಿ ತುಂಬುವುದು. ಮೂರು ಕೋಶಗಳನ್ನು ಸರಣಿಯಾಗಿ ಜೋಡಿಸಿದರೆ ಒಟ್ಟು 12.6 ವೋಲ್ಟು. ಆದರೆ 4.35, 4.15, 4.10 ಇವುಗಳ ಮೊತ್ತವೂ 12.6 ಅಲ್ಲವೇ? ಒಟ್ಟನ್ನಷ್ಟೇ ನೋಡಿದರೆ ಮೊದಲ ಕೋಶದ ಅಪಾಯವು ನಮಗೆ ಕಾಣದು. ಮಿತಿಮೀರಿ ತುಂಬಿದ ಕೋಶದೊಳಗೆ ಅನಿಲವು ಹುಟ್ಟಿ ಅದು ಉಬ್ಬುವುದು. ಒಳಗಿನ ದ್ರಾವಕವು ಸುಲಭವಾಗಿ ಉರಿಯುವಂಥದಾದುದರಿಂದ ಬೆಂಕಿಯೂ ಹೊತ್ತಬಹುದು.

ಆದುದರಿಂದಲೇ ಇಂತಹ ಬ್ಯಾಟರಿಗೆ ಎರಡು ದಪ್ಪ ತಂತಿಗಳಲ್ಲದೆ ನಾಲ್ಕು ಸಣ್ಣ ತಂತಿಗಳೂ ಇರುತ್ತವೆ. ಇವುಗಳ ಮೂಲಕ ಸಮತೋಲಕ ಚಾರ್ಜರು ಪ್ರತಿಯೊಂದು ಕೋಶವನ್ನೂ ಅಳೆಯುವುದು. ಮುಂದಾದ ಕೋಶದ ಹೆಚ್ಚುವರಿ ವಿದ್ಯುತ್ತನ್ನು ರೋಧಕದಲ್ಲಿ ಶಾಖವಾಗಿ ಕಳೆದು ಎಲ್ಲವನ್ನೂ ಸಮಗೊಳಿಸುವುದು.

2200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ಪ್ರವಾಹವು ಸಾಕು. ಬಳಸದೆ ಇಡುವಾಗ ಕೋಶವೊಂದಕ್ಕೆ ಸುಮಾರು 3.8 ವೋಲ್ಟು ಹಿತ. ಉಬ್ಬಿದ ಬ್ಯಾಟರಿಯನ್ನು ಎಂದಿಗೂ ಚಾರ್ಜು ಮಾಡಕೂಡದು. ಸರಿಯಾದುದನ್ನೂ ಬಟ್ಟೆ, ಕಾಗದಗಳಿಂದ ದೂರವಾಗಿ ಕಲ್ಲುಚಪ್ಪಡಿಯ ಮೇಲಿಟ್ಟು, ಚಾರ್ಜು ಮುಗಿಯುವವರೆಗೆ ನಾವು ಅಲ್ಲಿಯೇ ಇರಬೇಕು.